ಮನೆಯ ಹಾರ್ಡ್ ಡಿಸ್ಕ್‌ನಿಂದ ಹಾಲ್‌ನ ಟಿವಿಗೆ: ಯಾವ ದಾರಿ ಯಾರಿಗೆ ಸರಿ?

"ಒಳ್ಳೆ ನ್ಯಾಸ್ ಯಾವುದು ಹೇಳಿ" ಅಂತ ತುಮಕೂರಿನಲ್ಲಿ ಈಗ ಆಗಾಗ ಯಾರಾದರೂ ಕೇಳುತ್ತಾರೆ. ನ್ಯಾಸ್ ಅಂದರೆ ಒಳಗೆ ಹಾರ್ಡ್ ಡಿಸ್ಕ್ ಹಾಕಿ, ಮನೆಯ ನೆಟ್‌ವರ್ಕ್‌ಗೆ ಸೇರಿಸಿ, ಯಾವಾಗಲೂ ಆನ್ ಇಡುವ ಪೆಟ್ಟಿಗೆ. ಕೇಳುವವರ ಮನೆಯ ಪರಿಸ್ಥಿತಿ ಹೆಚ್ಚುಕಮ್ಮಿ ಒಂದೇ. ಮದುವೆ ವಿಡಿಯೊ ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಗೃಹಪ್ರವೇಶದ್ದು ಪೆನ್ ಡ್ರೈವ್‌ನಲ್ಲಿ, ಮಕ್ಕಳ ಸ್ಕೂಲ್ ಡೇ ಫೋನಿನಲ್ಲಿ. ಅಜ್ಜಿ ಸೋಬಾನೆ ಪದ ಹೇಳಿದ್ದು ಹಳೇ ಕ್ಯಾಸೆಟ್‌ನಿಂದ ಡಿವಿಡಿಗೆ ಇಳಿದು ಬೀರುವಿನಲ್ಲಿ ಕೂತಿರುತ್ತದೆ. ಜೊತೆಗೆ ದುಡ್ಡು ಕೊಟ್ಟು ತಂದ ಸಿನಿಮಾ ಡಿವಿಡಿಗಳು. ಎಲ್ಲ ಒಂದು ಕಡೆ ಇರಬೇಕು, ರಿಮೋಟ್ ಒತ್ತಿದರೆ ಟಿವಿಯಲ್ಲಿ ಬರಬೇಕು.

ಆಸೆ ಸರಿಯಾದದ್ದೇ. ಆದರೆ ನ್ಯಾಸ್‌ನಿಂದ ಶುರು ಮಾಡಿದರೆ ಲೆಕ್ಕ ಉಲ್ಟಾ ಆಗುತ್ತದೆ. ಡಿಸ್ಕ್ ಇರುವ ಪೆಟ್ಟಿಗೆ ಮಾಡಬೇಕಾದ್ದು ಸುಲಭದ ಕೆಲಸ: ಫೈಲ್ ಓದಿ ಕಳಿಸುವುದು. ಮೂಲೆಗೆ ಬಿದ್ದ ಹಳೇ ಲ್ಯಾಪ್‌ಟಾಪ್ ಕೂಡ ಅದನ್ನು ಸಲೀಸಾಗಿ ಮಾಡುತ್ತದೆ. ಬಂದ ಫೈಲನ್ನು ಬಿಡಿಸಿ, ಸೆಕೆಂಡಿಗೆ 24ರಿಂದ 60 ಚಿತ್ರ ತೋರಿಸುವ ಕಷ್ಟದ ಕೆಲಸ ಟಿವಿಯದ್ದು. ಟಿವಿಗೆ ಅದು ಆಗದಿದ್ದರೆ ಆ ಭಾರ ಪೆಟ್ಟಿಗೆಯ ತಲೆಗೆ ಬೀಳುತ್ತದೆ. ಆಗ ಮಾತ್ರ ದೊಡ್ಡ ಪೆಟ್ಟಿಗೆ ಬೇಕಾಗುತ್ತದೆ. ಅದಕ್ಕೇ ಟಿವಿಯಿಂದ ಶುರು ಮಾಡಿ, ನಡುವಿನ ವೈರು ವೈಫೈ ನೋಡಿ, ಪೆಟ್ಟಿಗೆಗೆ ಕೊನೆಗೆ ಬರೋಣ. ದುಡ್ಡೂ ಅದೇ ಲೆಕ್ಕದಲ್ಲಿ ಉಳಿಯುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಒಂದು ಸಲ ಆ್ಯಪ್ ಹಾಕಿಕೊಂಡ ಮೇಲೆ ಮನೆಯೊಳಗೆ ನೋಡಲು ಇಂಟರ್‌ನೆಟ್ ಬೇಡ. ಬೀದಿ ಅಗೆಯುವಾಗ ಫೈಬರ್ ತುಂಡಾಗಿ ದಿನಗಟ್ಟಲೆ ನೆಟ್ ಇಲ್ಲದಿದ್ದರೂ ರೌಟರ್‌ಗೆ ಕರೆಂಟ್ ಇದ್ದರೆ ಸಾಕು. ಕುಣಿಗಲ್ಲಿನ ಕಡೆ ತೋಟದ ಮನೆಯಲ್ಲಿ, ನೆಟ್ಟಿನ ಗಂಧವೇ ಇಲ್ಲದ ಕಡೆಯೂ ಒಂದು ಸಾದಾ ರೌಟರ್ ಇಟ್ಟು ಇದನ್ನು ಮಾಡಬಹುದು.

ಮೊದಲು ಟಿವಿಯ ಯೋಗ್ಯತೆ ನೋಡಿ

ಎಂಪಿ4, ಎಂಕೆವಿ ಅನ್ನುವುದು ಹೊರಗಿನ ಡಬ್ಬಿ ಅಷ್ಟೇ. ಒಳಗೆ ಚಿತ್ರ ಯಾವ ಕೋಡೆಕ್‌ನಲ್ಲಿದೆ (ಅಂದರೆ ಕುಗ್ಗಿಸಿ ಇಡುವ ಪದ್ಧತಿ), ಸದ್ದು ಯಾವುದರಲ್ಲಿದೆ ಅನ್ನುವುದೇ ಮುಖ್ಯ. ಎಚ್.264 ಬಂದದ್ದು 2003ರಲ್ಲಿ. ಇವತ್ತು ಅದನ್ನು ಓಡಿಸದ ಟಿವಿ ಇಲ್ಲ. ಎಚ್.265 ಅಂದರೆ ಎಚ್‌ಇವಿಸಿ 2013ರದ್ದು. 4ಕೆ ಟಿವಿಗಳೆಲ್ಲ ಸಾಮಾನ್ಯವಾಗಿ ಓಡಿಸುತ್ತವೆ, ಹಳೇ ಫುಲ್ ಎಚ್‌ಡಿ ಟಿವಿಗಳು ಎಡವುತ್ತವೆ. ಐಫೋನ್ ತೆಗೆಯುವ ವಿಡಿಯೊ ಬಹಳ ಸಲ ಇದೇ ಕೋಡೆಕ್‌ನಲ್ಲಿರುತ್ತದೆ. ಎವಿ1 2018ರದ್ದು, ಹೊಸ ಟಿವಿಗಳಿಗೆ ಮಾತ್ರ.

ಚಿತ್ರಕ್ಕಿಂತ ಸದ್ದಿನ ತಂಟೆ ಜಾಸ್ತಿ. ಸಿನಿಮಾ ಓಡುತ್ತದೆ, ಬಣ್ಣ ಚೆನ್ನಾಗಿದೆ, ಬಾಯಿ ಆಡುತ್ತಿದೆ, ಮಾತೇ ಇಲ್ಲ! ರಿಮೋಟ್‌ನಲ್ಲಿ ವಾಲ್ಯೂಮ್ ಏರಿಸುತ್ತಾ ಕೂರಬೇಡಿ. ಆ ಫೈಲಿನ ಸದ್ದು ಡಿಟಿಎಸ್ ಅನ್ನುವ ಕೋಡೆಕ್‌ನಲ್ಲಿರಬಹುದು. ಸ್ಯಾಮ್‌ಸಂಗ್ 2018ರ ಮಾದರಿಗಳಿಂದ ಡಿಟಿಎಸ್ ಬಿಟ್ಟಿದೆ. ಎಲ್‌ಜಿ 2020ರಲ್ಲಿ ಕೈಬಿಟ್ಟು, 2023ರ ಕೆಲವು ಮಾದರಿಗಳಲ್ಲಿ ಮತ್ತೆ ತಂದಿತು. ಡಾಲ್ಬಿ ಡಿಜಿಟಲ್ ಇದ್ದರೆ ಬಹುಪಾಲು ಟಿವಿಗಳಲ್ಲಿ ತೊಂದರೆ ಇಲ್ಲ.

ಹಾಗಾದರೆ ನಿಮ್ಮ ಟಿವಿ ಏನು ಓಡಿಸುತ್ತದೆ ಅಂತ ತಿಳಿಯೋದು ಹೇಗೆ? ಒಂದು ಪೆನ್ ಡ್ರೈವ್ ತಗೊಳ್ಳಿ. ಅದನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿ. ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಬಹಳ ಹಳೇ ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ ಎನ್‌ಟಿಎಫ್‌ಎಸ್ ಮಾಡಿ ನೋಡಿ. ನಿಮ್ಮ ಹತ್ತಿರ ಇರುವುದರಲ್ಲಿ ಅತಿ ಭಾರದ ಫೈಲು, ಒಂದು ಫೋನ್ ವಿಡಿಯೊ, ಡಿವಿಡಿಯಿಂದ ಇಳಿಸಿದ ಒಂದು ಫೈಲು, ಸಬ್‌ಟೈಟಲ್ ಇರುವ ಒಂದು ಫೈಲು ಹಾಕಿ ಟಿವಿಗೆ ಚುಚ್ಚಿ. ಹೊಸ ಟಿವಿ ಕೊಳ್ಳುವವರು ಇದೇ ಪೆನ್ ಡ್ರೈವ್ ಅನ್ನು ಬಿ.ಎಚ್. ರಸ್ತೆಯ ಅಂಗಡಿಗೆ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಅಂಗಡಿಯವರ ಡೆಮೊ ವಿಡಿಯೊ ಎಲ್ಲ ಟಿವಿಯಲ್ಲೂ ಚಂದ ಕಾಣುತ್ತದೆ. ನಿಮ್ಮ ಫೈಲು ಹೇಗೆ ಬರುತ್ತದೆ ಅಂತ ಅಲ್ಲೇ ನೋಡಿಕೊಳ್ಳಿ.

ಟಿವಿ ಸೋತರೆ ಟಿವಿ ಬದಲಿಸಬೇಕಿಲ್ಲ. ಎಚ್‌ಡಿಎಂಐಗೆ ಚುಚ್ಚುವ ಒಂದು ಆಂಡ್ರಾಯ್ಡ್ ಟಿವಿ ಬಾಕ್ಸ್ ಸಾಕು. ಅದರಲ್ಲಿ ವಿಎಲ್‌ಸಿ, ಕೋಡಿ, ಜೆಲ್ಲಿಫಿನ್ ಅನ್ನುವ ವಿಡಿಯೊ ಆ್ಯಪ್‌ಗಳೆಲ್ಲ ಪ್ಲೇ ಸ್ಟೋರ್‌ನಿಂದಲೇ ಸಿಗುತ್ತವೆ. ವಿಎಲ್‌ಸಿ, ಕೋಡಿ ಎರಡೂ ಡಿಟಿಎಸ್ ಸದ್ದನ್ನು ತಾವೇ ಬಿಡಿಸಿಕೊಳ್ಳುತ್ತವೆ. ಸ್ಯಾಮ್‌ಸಂಗ್‌ನ ಟೈಜೆನ್, ಎಲ್‌ಜಿಯ ವೆಬ್‌ಒಎಸ್ ಟಿವಿಗಳ ಆ್ಯಪ್ ಸ್ಟೋರ್‌ನಲ್ಲಿ ಕೋಡಿ ಇಲ್ಲ. ಅಲ್ಲಿ ಪ್ಲೆಕ್ಸ್ ಅನ್ನುವ ಆ್ಯಪ್ ಸಿಗುತ್ತದೆ, ಎಲ್‌ಜಿಯಲ್ಲಿ ಜೆಲ್ಲಿಫಿನ್ ಕೂಡ. ಫೈರ್ ಟಿವಿ ಸ್ಟಿಕ್ ಕೊಳ್ಳುವವರು ಮಾದರಿ ನೋಡಿ ಕೊಳ್ಳಿ. 2025ರಲ್ಲಿ ಬಂದ 4ಕೆ ಸೆಲೆಕ್ಟ್‌ನಲ್ಲಿ ಇರುವುದು ಆಂಡ್ರಾಯ್ಡ್ ಮೂಲದ್ದಲ್ಲ, ವೇಗಾ ಅನ್ನುವ ಬೇರೆಯೇ ಒಎಸ್. ಹೊರಗಿನಿಂದ ಆ್ಯಪ್ ತಂದು ಹಾಕುವುದು ಅದರಲ್ಲಿ ನಡೆಯುವುದಿಲ್ಲ. "ಎಲ್ಲ ಸಿನಿಮಾ ಫ್ರೀ, ಲೋಡ್ ಮಾಡಿಯೇ ಕೊಡ್ತೀವಿ" ಅಂತ ಮಾರುವ ಹೆಸರಿಲ್ಲದ ಬಾಕ್ಸ್‌ಗಳ ತಂಟೆಗಂತೂ ಹೋಗಬೇಡಿ. ಅದರಲ್ಲಿ ಇನ್ನೂ ಏನೇನು ಲೋಡ್ ಆಗಿರುತ್ತದೋ!

ನಡುವಿನ ದಾರಿ: ವೈರಾ, ವೈಫೈಯಾ?

ಒಂದು ಫೈಲಿಗೆ ಎಷ್ಟು ವೇಗ ಬೇಕು ಅಂತ ತಿಳಿಯಲು ಸಣ್ಣ ಲೆಕ್ಕ ಇದೆ. ಫೈಲ್ ಎಷ್ಟು ಜಿಬಿ ಇದೆಯೋ ಅದನ್ನು 8000ದಿಂದ ಗುಣಿಸಿ, ಎಷ್ಟು ಸೆಕೆಂಡ್ ಓಡುತ್ತದೋ ಅದರಿಂದ ಭಾಗಿಸಿ. ಎರಡೂವರೆ ಗಂಟೆಯ ಸಿನಿಮಾ 4 ಜಿಬಿ ಇದ್ದರೆ 3.6 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಬರುತ್ತದೆ. ಅದೇ ಸಿನಿಮಾ 15 ಜಿಬಿ ಇದ್ದರೆ 13 ಚಿಲ್ಲರೆ. ಡಿವಿಡಿ ಅಂದರೆ ಹೆಚ್ಚೆಂದರೆ 10ರ ಆಸುಪಾಸು. ಬ್ಲೂರೇ ಗರಿಷ್ಠ 48, 4ಕೆ ಬ್ಲೂರೇ ಗರಿಷ್ಠ 128. ಮೇಲಿನ ಲೆಕ್ಕದಲ್ಲಿ ಬರುವುದು ಸರಾಸರಿ ಅನ್ನುವುದು ನೆನಪಿರಲಿ. ಗಲಾಟೆಯ ದೃಶ್ಯದಲ್ಲಿ ಇದರ ಎರಡರಷ್ಟು ಕೇಳಬಹುದು.

ಸಿನಿಮಾಗಳಿಂದ ನಮ್ಮ ಮನೆಗಳಲ್ಲಿ ತೊಂದರೆ ಕಮ್ಮಿ. ನಿಜವಾದ ಭಾರ ಇರುವುದು ಮದುವೆ ವಿಡಿಯೊದಲ್ಲಿ! ಎಡಿಟ್ ಮಾಡಿದ ಫೈಲ್ ಜೊತೆಗೆ "ಎಲ್ಲ ಒರಿಜಿನಲ್ಲೂ ಕೊಡಿ" ಅಂತ ಹಟ ಮಾಡಿ ತಂದಿರುತ್ತೇವೆ, ಅಲ್ವಾ? ಸೋನಿ ಕ್ಯಾಮೆರಾಗಳ ಎಕ್ಸ್‌ಎವಿಸಿ ಎಸ್ 4ಕೆ ಫೈಲುಗಳು 60 ಅಥವಾ 100 ಎಂಬಿಪಿಎಸ್‌ನಲ್ಲಿ ರೆಕಾರ್ಡ್ ಆಗಿರುತ್ತವೆ. 100 ಅಂದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ಇನ್ನೊಂದು ಕಡೆ, ಟಿವಿ ಹಿಂದೆ ಇರುವ ಲ್ಯಾನ್ ಪೋರ್ಟ್ ನೋಡಿ. ದುಬಾರಿ ಟಿವಿಗಳಲ್ಲೂ ಅದು ಬಹಳ ಸಲ 100 ಎಂಬಿಪಿಎಸ್‌ದೇ. ಅದರಲ್ಲಿ ಕೈಗೆ ಸಿಗುವುದು 94ರ ಸುಮಾರು. ನಿಮ್ಮ ರೌಟರ್ ಗಿಗಾಬಿಟ್ ಇರಲಿ, ನ್ಯಾಸ್ ಗಿಗಾಬಿಟ್ ಇರಲಿ, ಕೊನೆಯ ಮೊಳದಲ್ಲಿ ದಾರಿ ಕಿರಿದು.

ಇದು ಪರದೆ ಮೇಲೆ ಹೇಗೆ ಕಾಣುತ್ತದೆ ಅಂದರೆ, ಮೊದಲ ಕೆಲವು ಸೆಕೆಂಡ್ ಎಲ್ಲ ಸರಿ ಇರುತ್ತದೆ. ಮುಹೂರ್ತದ ಹೊತ್ತು. ಗಂಡು ಹೆಣ್ಣಿನ ನಡುವೆ ಅಂತರಪಟ ಜಾರುತ್ತದೆ, ಜೀರಿಗೆ ಬೆಲ್ಲ ಹಿಡಿದ ಕೈಗಳು ಮೇಲೇಳುತ್ತವೆ, ಅಷ್ಟಕ್ಕೇ ನಿಂತುಬಿಡುತ್ತವೆ. ಯಾರೋ ಹಾಕಿದ ಅಕ್ಷತೆ ಗಾಳಿಯಲ್ಲೇ ಇದೆ. ನಾದಸ್ವರ ನಡುವೆ ಕತ್ತರಿಸಿ ಹೋಗಿದೆ. ಗುಂಡಗೆ ಒಂದು ಉಂಗುರ ತಿರುಗುತ್ತದೆ. ಆಮೇಲೆ ಎರಡು ಸೆಕೆಂಡ್ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಇದನ್ನು ನೋಡಿದ ಕೂಡಲೇ ಹಾರ್ಡ್ ಡಿಸ್ಕ್ ಹೋಯ್ತು ಅಂತಾರೆ. ಅದೇ ಫೈಲನ್ನು ಪೆನ್ ಡ್ರೈವ್‌ಗೆ ಹಾಕಿ ಅದೇ ಟಿವಿಗೆ ಚುಚ್ಚಿ ನೋಡಿ. ನೀರಿನಂತೆ ಓಡಿದರೆ ಡಿಸ್ಕ್ ತಪ್ಪೂ ಇಲ್ಲ, ಟಿವಿ ತಪ್ಪೂ ಇಲ್ಲ. ನಡುವಿನ ದಾರಿ ಸಾಲದು, ಅಷ್ಟೇ.

ಪರಿಹಾರ ಮೂರು. ಒಂದು, ಟಿವಿ ಹತ್ತಿರವೇ ರೌಟರ್ ಇದ್ದರೆ ಲ್ಯಾನ್ ವೈರು ಕಿತ್ತು 5 ಗಿಗಾಹರ್ಟ್ಸ್ ವೈಫೈ ಹಾಕಿ. ಟಿವಿಗಳ ಮಟ್ಟಿಗೆ ವೈರಿಗಿಂತ ವೈಫೈ ವೇಗ ಇರುವುದು ವಿಚಿತ್ರ ಅನಿಸಿದರೂ ನಿಜ. ಎರಡು, ಕೆಲವು ಆಂಡ್ರಾಯ್ಡ್ ಟಿವಿಗಳು ಯುಎಸ್‌ಬಿಗೆ ಹಾಕುವ ಗಿಗಾಬಿಟ್ ಲ್ಯಾನ್ ಅಡಾಪ್ಟರ್ ಒಪ್ಪುತ್ತವೆ. ಮೂರು, ನನಗೆ ಹೆಚ್ಚು ಇಷ್ಟವಾದದ್ದು: ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಒರಿಜಿನಲ್ ಫೈಲನ್ನು ಎಚ್.265ಗೆ, 20–25 ಎಂಬಿಪಿಎಸ್‌ಗೆ ಇಳಿಸಿ ಇನ್ನೊಂದು ಪ್ರತಿ ಮಾಡಿ. ಟಿವಿಗೆ ಅದು. ಒರಿಜಿನಲ್ ಅನ್ನು ಬೇರೆ ಫೋಲ್ಡರ್‌ನಲ್ಲಿ ಹಾಗೇ ಬಿಡಿ. ಹಾಲ್‌ನ ಸೋಫಾದಿಂದ ನೋಡುವವರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದು ಕಷ್ಟ.

ಚಿಕ್ಕಪೇಟೆಯ ಹಳೇ ಮನೆಗಳಲ್ಲಿ, ಹಳ್ಳಿಯ ಕಲ್ಲುಗೋಡೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅಲ್ಲೇ ಗುದ್ದಾಡುತ್ತಿರುತ್ತವೆ. ಅಂಥ ಕಡೆ ಕ್ಯಾಟ್6 ಅನ್ನುವ ಲ್ಯಾನ್ ವೈರು ಎಳೆಸಿ. ಗೋಡೆ ಒಡೆಸಬೇಕಿಲ್ಲ. ಡಿಶ್ ವೈರು ಹೋಗಿರುವ ಪೈಪಿನಲ್ಲೇ ಜಾಗ ಇದ್ದರೆ ಎಲೆಕ್ಟ್ರಿಷಿಯನ್ ಜೊತೆಗೆ ಎಳೆದುಕೊಡುತ್ತಾರೆ. ಕರೆಂಟ್ ವೈರಿನ ಪೈಪಿನಲ್ಲಿ ಮಾತ್ರ ಬೇಡ. ಎಸ್.ಎಸ್. ಪುರಂ ಕಡೆಯೋ ಬಟವಾಡಿ ಕಡೆಯೋ ಹೊಸ ಮನೆ ಕಟ್ಟಿಸುತ್ತಿದ್ದರೆ ಟಿವಿ ಜಾಗಕ್ಕೆ ಒಂದು ಖಾಲಿ ಪೈಪ್ ಹಾಕಿಸಿಬಿಡಿ, ಪ್ಲಾಸ್ಟರಿಂಗ್ ಆಗುವ ಮುಂಚೆ.

ನಾಲ್ಕು ವಿಧಾನ

ಮೊದಲನೆಯದು ಪೆನ್ ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಅನ್ನು ನೇರವಾಗಿ ಟಿವಿಗೆ ಚುಚ್ಚುವುದು. ನೆಟ್‌ವರ್ಕೇ ಬೇಡ. ವರ್ಷಕ್ಕೆ ಎರಡು ಸಲ ಮದುವೆ ವಿಡಿಯೊ ನೋಡುವ ಮನೆಗೆ ಇದಕ್ಕಿಂತ ಮುಂದೆ ಹೋಗುವುದೇ ದಂಡ. ಸುಮ್ನೆ ಹೇಳುತ್ತಿಲ್ಲ.

ಎರಡನೆಯದು ರೌಟರ್ ಹಿಂದಿನ ಯುಎಸ್‌ಬಿಗೆ ಡಿಸ್ಕ್ ಚುಚ್ಚಿ ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್‌ನಲ್ಲಿರುವ ವಿಡಿಯೊವನ್ನು ಟಿವಿಗೆ ತೋರಿಸುವ ಪದ್ಧತಿ) ಆನ್ ಮಾಡುವುದು. ಟಿವಿಯ ಸೋರ್ಸ್ ಪಟ್ಟಿಯಲ್ಲಿ ರೌಟರ್ ಹೆಸರು ತಾನಾಗಿ ಕಾಣಿಸುತ್ತದೆ, ಟಿವಿಗೆ ಯಾವ ಆ್ಯಪ್ ಕೂಡ ಬೇಡ. ಕೇಳಲು ಇದೇ ಅತಿ ಚಂದ. ಬಳಸಲು ಶುರು ಮಾಡಿದರೆ ಬೇಜಾರು. ಡಿಎಲ್‌ಎನ್‌ಎ 2003ರಲ್ಲಿ ಸೋನಿ, ಇಂಟೆಲ್ ಮುಂತಾದವರು ಸೇರಿ ಶುರು ಮಾಡಿದ ಕೂಟ. 2017ರಲ್ಲಿ ಆ ಕೂಟವೇ ಮುಚ್ಚಿತು. ಪದ್ಧತಿ ಇನ್ನೂ ಟಿವಿಗಳಲ್ಲಿ ಉಳಿದಿದೆ, ಆದರೆ ಬೆಳೆದಿಲ್ಲ. ಕೆಲವು ಟಿವಿ ಎಂಕೆವಿ ಫೈಲನ್ನು ಪಟ್ಟಿಯಲ್ಲೇ ತೋರಿಸುವುದಿಲ್ಲ. ಸಬ್‌ಟೈಟಲ್ ಬಂದರೆ ಪುಣ್ಯ. ಅರ್ಧಕ್ಕೆ ನಿಲ್ಲಿಸಿದ ಸಿನಿಮಾ ನಾಳೆ ಮೊದಲಿಂದ ಶುರುವಾಗುವುದೂ ಉಂಟು. ರೌಟರ್‌ನ ಪುಟ್ಟ ಪ್ರೊಸೆಸರ್‌ಗೆ ದೊಡ್ಡ ಡಿಸ್ಕ್ ಓದಿ ಪಟ್ಟಿ ಮಾಡುವಷ್ಟರಲ್ಲಿ ಸಾಕಾಗುತ್ತದೆ. ಬೇರೆ ಏನೂ ಕೊಳ್ಳದೆ ಒಂದು ಸಲ ನೋಡಿಬಿಡೋಣ ಅನ್ನುವವರಿಗೆ ಸರಿ. ಅದರ ಮೇಲೆ ಮನೆಯ ವ್ಯವಸ್ಥೆ ಕಟ್ಟಬೇಡಿ.

ಮೂರನೆಯದು ಶೇರ್ಡ್ ಫೋಲ್ಡರ್. ಕಂಪ್ಯೂಟರ್‌ನಲ್ಲೋ ನ್ಯಾಸ್‌ನಲ್ಲೋ ಒಂದು ಫೋಲ್ಡರ್ ಅನ್ನು ಎಸ್‌ಎಂಬಿ ಅನ್ನುವ ಫೈಲ್ ಹಂಚುವ ಪದ್ಧತಿಯ ಮೂಲಕ ಹಂಚಿ, ಟಿವಿಯಲ್ಲಿ ವಿಎಲ್‌ಸಿ ಅಥವಾ ಕೋಡಿಯಿಂದ ತೆರೆಯುವುದು. ಪೆಟ್ಟಿಗೆ ಬರೀ ಫೈಲ್ ಕೊಡುತ್ತದೆ, ಉಳಿದದ್ದೆಲ್ಲ ಟಿವಿ ಕಡೆಯ ಆ್ಯಪ್ ನೋಡಿಕೊಳ್ಳುತ್ತದೆ. ಟಿವಿ ಅಥವಾ ಬಾಕ್ಸ್ ಗಟ್ಟಿ ಇದ್ದರೆ ಇದರಷ್ಟು ತಲೆನೋವಿಲ್ಲದ ದಾರಿ ಬೇರೆ ಇಲ್ಲ. ವಿಎಲ್‌ಸಿ ಹಾಕಿದ ಮೇಲೆ ಲೋಕಲ್ ನೆಟ್‌ವರ್ಕ್ ಅಂತ ಒಂದು ಜಾಗ ಇರುತ್ತದೆ. ಒತ್ತಿದರೆ ಮನೆಯ ಕಂಪ್ಯೂಟರ್ ಹೆಸರು ಬರುತ್ತದೆ. ಕೋಡಿಗೆ ಸ್ವಲ್ಪ ಕೈಕೆಲಸ ಜಾಸ್ತಿ, ಆದರೆ ಪೋಸ್ಟರ್ ಹಾಕಿ, ಎಲ್ಲಿಗೆ ನಿಲ್ಲಿಸಿದಿರಿ ಅಂತ ನೆನಪಿಟ್ಟು ಅಚ್ಚುಕಟ್ಟಾಗಿ ಜೋಡಿಸುತ್ತದೆ.

ಇಲ್ಲಿ ಜನ ಸಿಕ್ಕಿಬೀಳುವುದು ವಿಂಡೋಸ್‌ನ ಪಾಸ್‌ವರ್ಡ್‌ನಲ್ಲಿ. ಟಿವಿ ಯೂಸರ್‌ನೇಮ್ ಕೇಳುತ್ತದೆ, ಏನು ಹಾಕಿದರೂ ಒಪ್ಪುವುದಿಲ್ಲ. ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಒಳಗೆ ಬರುವುದನ್ನು ಹೊಸ ವಿಂಡೋಸ್ ಸುಲಭಕ್ಕೆ ಬಿಡುವುದಿಲ್ಲ. ಪಿನ್ ಹಾಕಿದರೂ ನಡೆಯುವುದಿಲ್ಲ. ಟಿವಿಗೆಂದೇ ಒಂದು ಬೇರೆ ಲೋಕಲ್ ಯೂಸರ್ ಮಾಡಿ, ಅದಕ್ಕೆ ಪಾಸ್‌ವರ್ಡ್ ಇಟ್ಟು, ಆ ಫೋಲ್ಡರ್ ಮೇಲೆ ಓದುವ ಹಕ್ಕು ಮಾತ್ರ ಕೊಡಿ. ನೆಟ್‌ವರ್ಕ್ ಪ್ರೈವೇಟ್ ಅಂತ ಇದೆಯೋ ನೋಡಿ, ಪಬ್ಲಿಕ್ ಅಂತಿದ್ದರೆ ಕಂಪ್ಯೂಟರ್ ಕಾಣಿಸುವುದೇ ಇಲ್ಲ. "ಎಸ್‌ಎಂಬಿ 1 ಆನ್ ಮಾಡಿ, ಎಲ್ಲ ಸರಿಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2017ರ ಮೇ ತಿಂಗಳಲ್ಲಿ ಲೋಕವೆಲ್ಲ ಹಬ್ಬಿದ ವಾನಕ್ರೈ ಅನ್ನುವ ಕೇಡಿನ ಸಾಫ್ಟ್‌ವೇರ್ ನುಗ್ಗಿದ್ದು ಅದೇ ಕಿಂಡಿಯಿಂದ. ಆ ವರ್ಷದಿಂದಲೇ ಹೊಸ ವಿಂಡೋಸ್ 10ರಲ್ಲಿ ಅದು ಸುಮ್ಮನೆ ಆನ್ ಆಗಿರುವುದಿಲ್ಲ.

ನಾಲ್ಕನೆಯದು ಮೀಡಿಯಾ ಸರ್ವರ್: ಜೆಲ್ಲಿಫಿನ್ ಅಥವಾ ಪ್ಲೆಕ್ಸ್. ಇಲ್ಲಿ ಪೆಟ್ಟಿಗೆಗೂ ಸ್ವಲ್ಪ ಬುದ್ಧಿ ಇರುತ್ತದೆ. ಯಾವ ಟಿವಿ ಏನು ಓಡಿಸುತ್ತದೆ ಅಂತ ಅದು ವಿಚಾರಿಸುತ್ತದೆ. ಓಡಿಸುವುದಾದರೆ ಫೈಲನ್ನು ಹಾಗೇ ಕಳಿಸುತ್ತದೆ. ಇಲ್ಲದಿದ್ದರೆ ಓಡುವ ರೂಪಕ್ಕೆ ಆಗಿಂದಾಗಲೇ ಬದಲಿಸಿ ಕಳಿಸುತ್ತದೆ. ಇದನ್ನೇ ಟ್ರಾನ್ಸ್‌ಕೋಡಿಂಗ್ ಅನ್ನುವುದು. ಸದ್ದು ಮಾತ್ರ ಬದಲಿಸುವುದಾದರೆ, ಅಂದರೆ ಆ ಡಿಟಿಎಸ್ ಸಮಸ್ಯೆ, ಬಡಪಾಯಿ ಪೆಟ್ಟಿಗೆಯೂ ಮಾಡುತ್ತದೆ. 4ಕೆ ಚಿತ್ರ ಬದಲಿಸಬೇಕಾದರೆ ಒಳ್ಳೇ ಗ್ರಾಫಿಕ್ಸ್ ಬೇಕು.

ಮನೆಯಲ್ಲಿ ಒಂದೇ ಟಿವಿ ಇದ್ದರೆ ಕೋಡಿ ಸಾಕು. ಎರಡು ಟಿವಿ, ಮೂರು ಫೋನು ಇದ್ದರೆ ಸರ್ವರ್ ಒಳ್ಳೆಯದು. ಹಾಲ್‌ನಲ್ಲಿ ಅರ್ಧ ನೋಡಿದ್ದನ್ನು ರೂಮಿನಲ್ಲಿ ಅಲ್ಲಿಂದಲೇ ಮುಂದುವರಿಸಬಹುದು, ಯಾಕೆಂದರೆ ಲೆಕ್ಕ ಇಡುವುದು ಪೆಟ್ಟಿಗೆ. ಅಮ್ಮನಿಗೆ ಒಂದು ಹೆಸರು, ಮಕ್ಕಳಿಗೆ ಒಂದು ಹೆಸರು ಮಾಡಿ ಯಾರಿಗೆ ಯಾವ ಫೋಲ್ಡರ್ ಕಾಣಬೇಕು ಅಂತ ಇಡಬಹುದು.

ಎರಡರಲ್ಲಿ ನಾನು ಜೆಲ್ಲಿಫಿನ್ ಕಡೆ. 2018ರ ಡಿಸೆಂಬರ್‌ನಲ್ಲಿ, ಎಂಬಿ (Emby) ಅನ್ನುವ ಸರ್ವರ್ ತನ್ನ ಕೋಡ್ ಮುಚ್ಚಿಕೊಂಡಾಗ, ಅದರಿಂದ ಕವಲೊಡೆದು ಬಂದದ್ದು ಇದು. ಪೂರ್ತಿ ಉಚಿತ, ಲಾಗಿನ್ ಕೂಡ ನಿಮ್ಮ ಮನೆಯೊಳಗೇ. ಪ್ಲೆಕ್ಸ್ ನೋಡಲು ಹೆಚ್ಚು ನಯ, ಹೆಚ್ಚು ಟಿವಿಗಳಲ್ಲಿ ಸಿಗುತ್ತದೆ. ಆದರೆ ಅದರ ಖಾತೆ ಇಂಟರ್‌ನೆಟ್ ಮೂಲಕ ನಡೆಯುವುದು. ನೆಟ್ ಇಲ್ಲದ ದಿನ ಮನೆಯೊಳಗಿನ ಫೈಲೇ ತೆರೆಯದೆ ಕೂರಬಾರದು ಅಂದರೆ, ಯಾವ ಐಪಿಗಳಿಗೆ (ನೆಟ್‌ವರ್ಕ್‌ನಲ್ಲಿ ಒಂದೊಂದು ಸಾಧನದ ವಿಳಾಸ) ಲಾಗಿನ್ ಬೇಡ ಅಂತ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಬರೆದಿಡಬೇಕು. ಗ್ರಾಫಿಕ್ಸ್ ಬಳಸಿ ಟ್ರಾನ್ಸ್‌ಕೋಡ್ ಮಾಡಲು ಪ್ಲೆಕ್ಸ್ ಪಾಸ್ ಕೊಳ್ಳಬೇಕು. 2025ರ ಏಪ್ರಿಲ್ 29ರಿಂದ ಅದರ ಆಜೀವ ಪಾಸ್ ಸುಮಾರು 120 ಡಾಲರ್‌ನಿಂದ 250 ಡಾಲರ್‌ಗೆ ಏರಿತು. ಮನೆ ಹೊರಗಿಂದ ನೋಡುವುದಕ್ಕೂ ಅಂದಿನಿಂದ ದುಡ್ಡು. ಮನೆಯೊಳಗೆ ನೋಡಲು ದುಡ್ಡಿಲ್ಲ. ಸ್ಯಾಮ್‌ಸಂಗ್ ಟಿವಿ ಇದ್ದು, ಬೇರೆ ಬಾಕ್ಸ್ ಬೇಡ ಅನ್ನುವವರಿಗೆ ಪ್ಲೆಕ್ಸ್ ಸರಿ.

ಜೆಲ್ಲಿಫಿನ್ ಹಾಕಿದವರಿಗೆ ಎರಡು ಕಿವಿಮಾತು. ರೌಟರ್‌ನಲ್ಲಿ ಆ ಪೆಟ್ಟಿಗೆಗೆ ಒಂದೇ ಐಪಿ ಸಿಗುವಂತೆ ಕಾಯ್ದಿರಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಟಿವಿಗೆ ಸರ್ವರ್ ಸಿಗುವುದಿಲ್ಲ. ಟಿವಿಯಲ್ಲಿ ಐಪಿ ಬರೆದು ಮುಂದೆ :8096 ಹಾಕಿದರೆ ಸಾಕು. ಇನ್ನೊಂದು, ಮನೆ ವಿಡಿಯೊಗಳನ್ನು ಸಿನಿಮಾ ಲೈಬ್ರರಿಗೆ ಸೇರಿಸಬೇಡಿ, ಹೋಮ್ ವಿಡಿಯೊ ಅನ್ನುವ ಬೇರೆ ಬಗೆ ಇದೆ. ಸಿನಿಮಾ ಅಂತ ಸೇರಿಸಿದರೆ ಅದು ಹೆಸರು ನೋಡಿ ಪೋಸ್ಟರ್ ಹುಡುಕಲು ಹೊರಡುತ್ತದೆ. ಭಾವನ ಮದುವೆಯ ಫೈಲಿಗೆ ಯಾವುದೋ ದೇಶದ ಪಿಶಾಚಿ ಸಿನಿಮಾದ ಪೋಸ್ಟರ್ ಅಂಟಿಸಿ ತೋರಿಸಿದರೆ ಅತ್ತೆ ಮನೆಯವರ ಮುಂದೆ ನೀವೇ ಉತ್ತರ ಹೇಳಬೇಕು.

ಕನ್ನಡ ಸಬ್‌ಟೈಟಲ್ ಒಡೆಯುವ ಕಡೆ

ಈ ವಿಷಯವನ್ನು ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಯಾರೂ ಹೇಳುವುದಿಲ್ಲ, ಅವರಿಗೆ ಬೇಕೂ ಇಲ್ಲ. ಕನ್ನಡ ಸಬ್‌ಟೈಟಲ್ ಇರುವ ಎಸ್‌ಆರ್‌ಟಿ ಫೈಲನ್ನು ಟಿವಿಯ ಸ್ವಂತ ಪ್ಲೇಯರ್‌ಗೆ ಕೊಟ್ಟು ನೋಡಿ. ಕೆಲವು ಟಿವಿಗಳು ಸಾಲು ಸಾಲು ಚೌಕ ತೋರಿಸುತ್ತವೆ. ಕೆಲವು ಅಕ್ಷರ ತೋರಿಸುತ್ತವೆ, ಆದರೆ ಒತ್ತಕ್ಷರ ಕೂಡಿಸುವುದಿಲ್ಲ. "ಸ್ತ್ರೀ" ಅನ್ನುವುದು ಸ, ತ, ರ ಮೂರು ತುಂಡಾಗಿ, ನಡುವೆ ಬಿಡಿ ಗೀಟುಗಳೊಂದಿಗೆ ಬರುತ್ತದೆ. ಓದಲು ಹೊರಟರೆ ಸಿನಿಮಾ ಮುಂದೆ ಹೋಗಿರುತ್ತದೆ.

ಫೈಲನ್ನು ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಸೇವ್ ಮಾಡಿ. ಚೌಕಗಳ ಸಮಸ್ಯೆ ಕೆಲವು ಸಲ ಅಲ್ಲಿಗೇ ಮುಗಿಯುತ್ತದೆ. ಒತ್ತಕ್ಷರ ಸರಿಯಾಗಬೇಕಾದರೆ ಆ ಕೆಲಸ ಬಲ್ಲ ಪ್ಲೇಯರ್ ಬೇಕು. ವಿಎಲ್‌ಸಿ ಇದನ್ನು ಚೆನ್ನಾಗಿ ಮಾಡುತ್ತದೆ. ಕೋಡಿಯಲ್ಲಿ ಕನ್ನಡ ಇರುವ ಫಾಂಟ್ ಆರಿಸಿ ಕೊಡಬೇಕಾಗಬಹುದು. ಜೆಲ್ಲಿಫಿನ್‌ನಲ್ಲಿ ಸಬ್‌ಟೈಟಲ್ ಅನ್ನು ಚಿತ್ರದ ಮೇಲೇ ಅಚ್ಚೊತ್ತಿ ಕಳಿಸುವ ಆಯ್ಕೆಯೂ ಇದೆ. ಆಗ ಯಾವ ಟಿವಿಯಾದರೂ ಸರಿ, ಅಕ್ಷರ ಸರಿಯಾಗೇ ಬರುತ್ತದೆ. ಆದರೆ ಇಡೀ ಚಿತ್ರವನ್ನು ಟ್ರಾನ್ಸ್‌ಕೋಡ್ ಮಾಡಬೇಕು, ಅಂದರೆ ಪೆಟ್ಟಿಗೆಗೆ ಕಸುವು ಬೇಕು. ಮನೆಯಲ್ಲಿ ಕನ್ನಡ ಸಬ್‌ಟೈಟಲ್ ಓದಿ ಬೇರೆ ಭಾಷೆಯ ಸಿನಿಮಾ ನೋಡುವ ಹಿರಿಯರಿದ್ದರೆ, ನನ್ನ ಪ್ರಕಾರ, ಉಳಿದೆಲ್ಲ ಲೆಕ್ಕಕ್ಕಿಂತ ಇದೇ ಮೊದಲು.

ಇನ್ನು ಪೆಟ್ಟಿಗೆ

ಈಗ ನ್ಯಾಸ್ ವಿಷಯಕ್ಕೆ ಬರೋಣ. ಯಾವಾಗಲೂ ಆನ್ ಇರುವ ಯಾವುದೇ ವಸ್ತುವಿಗೆ ಒಂದು ಲೆಕ್ಕ ನೆನಪಿಡಿ: ಪ್ರತಿ 10 ವ್ಯಾಟ್‌ಗೆ ತಿಂಗಳಿಗೆ 7.2 ಯೂನಿಟ್. ಹಳೇ ಡೆಸ್ಕ್‌ಟಾಪ್ ಒಂದು 70 ವ್ಯಾಟ್ ಎಳೆದರೆ ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿ ಇರುವ ಮನೆಗೆ ಇದು ಸಣ್ಣ ಸಂಗತಿ ಅಲ್ಲ. 200 ಯೂನಿಟ್ ಉಚಿತ ಅಂತ ನಾವು ಹೇಳುತ್ತೇವೆ. ಆದರೆ ಸಾಮಾನ್ಯವಾಗಿ ನಿಮಗೆ ಉಚಿತ ಸಿಗುವುದು 2022–23ರ ನಿಮ್ಮ ಸರಾಸರಿಗೆ ಶೇ 10 ಸೇರಿಸಿದಷ್ಟು. ಸರಾಸರಿ 90 ಇದ್ದ ಮನೆಗೆ 99 ಯೂನಿಟ್. ಅದರ ಮೇಲೆ ಡೆಸ್ಕ್‌ಟಾಪ್‌ನ 50 ಕೂತರೆ ಆ ಹೆಚ್ಚಿನದ್ದಕ್ಕೆ ಪ್ರತಿ ತಿಂಗಳು ಬಿಲ್ಲು. ಹಾಗಾಗಿ ಹಳೇ ಡೆಸ್ಕ್‌ಟಾಪ್ ಪುಕ್ಕಟೆ ಅನ್ನುವುದು ಸುಳ್ಳು.

ಹಳೇ ಲ್ಯಾಪ್‌ಟಾಪ್ ನನಗೆ ಇಷ್ಟ. ಮುಚ್ಚಳ ಮುಚ್ಚಿ ಇಟ್ಟರೆ ಕರೆಂಟ್ ಕಮ್ಮಿ ಸಾಕು. ಅದರ ಬ್ಯಾಟರಿಯೇ ಯುಪಿಎಸ್! ಕರೆಂಟ್ ಪಟ್ಟನೆ ಹೋದರೂ ಡಿಸ್ಕ್ ಬರೆಯುತ್ತಿದ್ದದ್ದು ಅರ್ಧಕ್ಕೆ ನಿಲ್ಲುವುದಿಲ್ಲ. ಆದರೆ ಅಡಾಪ್ಟರ್ ಬೇಕಾದ ದೊಡ್ಡ ಡಿಸ್ಕ್ ಹಾಕಿದರೆ ಈ ಲಾಭ ಹೋಯಿತು. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವ ಎರಡೂವರೆ ಇಂಚಿನ ಡಿಸ್ಕ್ ಇಡಿ. ಬ್ಯಾಟರಿ ಶೇ 80ಕ್ಕೆ ನಿಲ್ಲುವಂತೆ ಸೆಟ್ಟಿಂಗ್ ಇದ್ದರೆ ಮಾಡಿ. ಬ್ಯಾಟರಿ ಉಬ್ಬಿದ್ದು ಕಂಡರೆ ಆ ಲ್ಯಾಪ್‌ಟಾಪ್ ಬಳಸಲೇಬೇಡಿ.

ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಅತಿ ಕಮ್ಮಿ ಕರೆಂಟಿನದು. ಗಿಗಾಬಿಟ್ ಲ್ಯಾನ್, ಯುಎಸ್‌ಬಿ 3 ಎರಡೂ ಇವೆ. ಶೇರ್ಡ್ ಫೋಲ್ಡರ್‌ಗೆ ಧಾರಾಳವಾಗಿ ಸಾಕು. ಟ್ರಾನ್ಸ್‌ಕೋಡ್ ಮಾತ್ರ ಕೇಳಬೇಡಿ. 2023ರ ಪೈ 5 ಅಂತೂ ಎಚ್.264ಗೆ ಇದ್ದ ಹಾರ್ಡ್‌ವೇರ್ ಸಹಾಯವನ್ನೇ ಕೈಬಿಟ್ಟಿತು.

ಟ್ರಾನ್ಸ್‌ಕೋಡ್ ಬೇಕಾದವರಿಗೆ ಇಂಟೆಲ್ ಎನ್100 ಪ್ರೊಸೆಸರ್‌ನ ಮಿನಿ ಪಿಸಿ. ಅಂಗೈ ಅಗಲದ ಪೆಟ್ಟಿಗೆ, ಪ್ರೊಸೆಸರ್ 6 ವ್ಯಾಟ್‌ನದು, ಒಳಗೆ ವಿಡಿಯೊ ಬದಲಿಸಲೆಂದೇ ಇರುವ ಕ್ವಿಕ್ ಸಿಂಕ್ ಇದೆ. ಎಚ್.265, ಎವಿ1 ಬಿಡಿಸಿ ಟಿವಿ ಒಪ್ಪುವ ರೂಪಕ್ಕೆ ಬದಲಿಸಿ ಕಳಿಸುತ್ತದೆ. ಸರ್ವರ್ ಹಾಕುವುದಾದರೆ ಸದ್ಯಕ್ಕೆ ನನ್ನ ಮತ ಇದಕ್ಕೇ. ತುಮಕೂರಿನಲ್ಲಿ ಸಿಗದಿದ್ದರೆ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಸಂಜೆಗೆ ವಾಪಸ್.

ಸಿನಾಲಜಿ, ಕ್ಯೂನ್ಯಾಪ್‌ನಂಥ ಎರಡು ಡಿಸ್ಕ್‌ನ ನ್ಯಾಸ್ ಯಾರಿಗೆ? ವಿಡಿಯೊ ಜೊತೆಗೆ ಎಲ್ಲರ ಫೋನಿನ ಫೋಟೊ, ಅಂಗಡಿಯ ಲೆಕ್ಕದ ಫೈಲು ಎಲ್ಲ ಒಂದೇ ಕಡೆ ಸೇರಬೇಕು, ನಿಭಾಯಿಸುವ ತಲೆನೋವು ಬೇಡ ಅನ್ನುವವರಿಗೆ. ಬರೀ ಟಿವಿಗಾಗಿ ಆದರೆ ದುಬಾರಿ. ನ್ಯಾಸ್ ಜೊತೆ ಬರುವ ವಿಡಿಯೊ ಆ್ಯಪ್ ನೋಡಿ ಮಾರುಹೋಗಬೇಡಿ. ಸಿನಾಲಜಿ ತನ್ನ ವಿಡಿಯೊ ಸ್ಟೇಷನ್ ಅನ್ನು 2024ರಲ್ಲಿ, ತನ್ನ ಒಎಸ್ ಆದ ಡಿಎಸ್‌ಎಂನ 7.2.2 ಆವೃತ್ತಿಯಲ್ಲಿ, ತೆಗೆದೇಬಿಟ್ಟಿತು. ಅದನ್ನೇ ನಂಬಿದ್ದವರು ಬೇರೆ ಸರ್ವರ್ ಹುಡುಕಬೇಕಾಯಿತು. ಹೊರಗಿನಿಂದ ನೋಡಲು ಅಂತ ರೌಟರ್‌ನಲ್ಲಿ ಪೋರ್ಟ್ ತೆರೆದು ನ್ಯಾಸ್ ಅನ್ನು ಇಂಟರ್‌ನೆಟ್‌ಗೆ ಒಡ್ಡುವುದೂ ಬೇಡ. 2022ರಲ್ಲಿ ಡೆಡ್‌ಬೋಲ್ಟ್ ಅನ್ನುವ ರಾನ್ಸಮ್‌ವೇರ್ ಹಾಗೆ ಒಡ್ಡಿಕೊಂಡಿದ್ದ ಕ್ಯೂನ್ಯಾಪ್‌ಗಳ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತ್ತು. ಬೆಂಗಳೂರಿನಲ್ಲಿರುವ ಮಗಳು ಮನೆಯ ವಿಡಿಯೊ ನೋಡಬೇಕು ಅಂದರೆ ನಿಮ್ಮ ಸಾಧನಗಳನ್ನು ಮಾತ್ರ ಖಾಸಗಿಯಾಗಿ ಜೋಡಿಸುವ ಟೈಲ್‌ಸ್ಕೇಲ್ ಆ್ಯಪ್ ಹಾಕಿ, ಪೋರ್ಟ್ ತೆರೆಯದೇ ಆಗುತ್ತದೆ.

ಹಾಗಾದರೆ ಕೊಳ್ಳುವ ಮುಂಚೆ ಏನು ಮಾಡಬೇಕು? ಟಿವಿ ನಿಮ್ಮ ಫೈಲುಗಳನ್ನೆಲ್ಲ ಓಡಿಸುತ್ತಿದ್ದರೆ ಹಳೇ ಲ್ಯಾಪ್‌ಟಾಪ್, ಶೇರ್ಡ್ ಫೋಲ್ಡರ್, ವಿಎಲ್‌ಸಿ. ಖರ್ಚು ಹೆಚ್ಚುಕಮ್ಮಿ ಸೊನ್ನೆ. ಟಿವಿ ಎಡವುತ್ತಿದ್ದರೆ ಒಂದು ಆಂಡ್ರಾಯ್ಡ್ ಬಾಕ್ಸ್ ಸೇರಿಸಿ, ಉಳಿದದ್ದು ಹಾಗೇ. ಎರಡು ಟಿವಿ, ಕನ್ನಡ ಸಬ್‌ಟೈಟಲ್, ಬೇರೆ ಬೇರೆ ಕಾಲದ ಫೈಲು ಎಲ್ಲ ಇದ್ದರೆ ಎನ್100 ಮತ್ತು ಜೆಲ್ಲಿಫಿನ್. ಎರಡು ಡಿಸ್ಕ್‌ನ ನ್ಯಾಸ್ ತಗೊಂಡರೂ ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕಾಯುತ್ತದೆ, ಅಷ್ಟೇ. ತಪ್ಪಿ ಡಿಲೀಟ್ ಮಾಡಿದರೆ ಎರಡರಲ್ಲೂ ಹೋಗುತ್ತದೆ, ಸಿಡಿಲು ಬಡಿದರೆ ಎರಡೂ ಹೋಗುತ್ತವೆ. ಮದುವೆ ವಿಡಿಯೊ, ಅಜ್ಜಿಯ ಪದಗಳು, ಇಂಥ ಮತ್ತೆ ಸಿಗದ ಫೈಲುಗಳನ್ನು ಇನ್ನೊಂದು ಡಿಸ್ಕ್‌ಗೆ ಹಾಕಿ ಅಣ್ಣನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇಡಿ. ಹಬ್ಬಕ್ಕೆ ಹೋದಾಗ ಹೊಸ ಫೈಲುಗಳನ್ನು ಅದಕ್ಕೆ ಸೇರಿಸಿ ಬನ್ನಿ.